ಸೂರಗೊಂಡನಕೊಪ್ಪ: ಊರಿಲ್ಲದವರ ತವರೂರು

ಫೆಬ್ರುವರಿ ತಿಂಗಳ ಎರಡನೇ ವಾರ ಬಂತೆಂದರೆ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ರಸ್ತೆಗಳಲ್ಲಿ ಬಿಳಿ ಬಟ್ಟೆ ತೊಟ್ಟು, ಕೊರಳಲ್ಲಿ ಮಾಲೆ ಧರಿಸಿದ ಜನರ ಸಾಲುಗಳು ಕಾಣತೊಡಗುತ್ತವೆ. ಕೆಲವರು ನಡೆದು ಬರುತ್ತಾರೆ. ಕೆಲವರು ಟ್ರ್ಯಾಕ್ಟರ್, ಟೆಂಪೊಗಳಲ್ಲಿ ಕುಟುಂಬ ಸಮೇತ ಬರುತ್ತಾರೆ. ರಾಜ್ಯದ ಮೂಲೆಮೂಲೆಯ ತಾಂಡಾಗಳಿಂದ ಮಾತ್ರವಲ್ಲ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳಿಂದಲೂ ಬರುವವರಿದ್ದಾರೆ. ಎಲ್ಲರೂ ಸೇರುವುದು ಸೂರಗೊಂಡನಕೊಪ್ಪ ಎಂಬ ಸಣ್ಣ ಹಳ್ಳಿಯಲ್ಲಿ. ಬಂಜಾರರು ಇದನ್ನು ಭಾಯಾಗಡ್ ಎಂದು ಕರೆಯುತ್ತಾರೆ. ಅವರ ಆರಾಧ್ಯ ಪುರುಷ ಸಂತ ಸೇವಾಲಾಲರು 1739ರ ಫೆಬ್ರುವರಿ 15ರಂದು ಇಲ್ಲಿ ಹುಟ್ಟಿದರೆಂಬುದು ಸಮುದಾಯದ ನಂಬಿಕೆ.

ಹಳ್ಳಿಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಶಾಸನ, ಕೋಟೆ, ದೇವಾಲಯಗಳಿಂದ ತೊಡಗುತ್ತಾರೆ. ಸೂರಗೊಂಡನಕೊಪ್ಪದ ಚರಿತ್ರೆಯನ್ನು ಹಾಗೆ ಬರೆಯಲಾಗದು. ಈ ಊರಿಗೆ ಮಹತ್ವ ಬಂದದ್ದು ಇಲ್ಲಿ ನೆಲೆಯಾಗಿ ಉಳಿದವರಿಂದಲ್ಲ, ಇಲ್ಲಿಂದ ಹೊರಟು ಹೋದವರಿಂದ. ಶತಮಾನಗಳ ಕಾಲ ತಮ್ಮ ಊರನ್ನೇ ಎತ್ತಿನ ಬೆನ್ನಿನ ಮೇಲೆ ಹೇರಿಕೊಂಡು ತಿರುಗಿದ ಜನಾಂಗವೊಂದು 'ಇದು ನಮ್ಮ ತವರು' ಎಂದು ಬೆರಳಿಟ್ಟು ತೋರಿಸುವ ಬೆರಳೆಣಿಕೆಯ ಸ್ಥಳಗಳಲ್ಲಿ ಇದೂ ಒಂದು. ಊರು ಎಂದರೆ ಏನು, ಅದು ಯಾವಾಗ ಊರಾಗುತ್ತದೆ ಎಂಬ ಪ್ರಶ್ನೆಗೆ ಈ ಕೊಪ್ಪದ ಕಥೆಯಲ್ಲಿ ಒಂದು ಉತ್ತರವಿದೆ.

ಗಡಿ ಬದಲಾದ ನೆಲ

ಮೊದಲು ನೆಲದ ಪರಿಚಯ ಮಾಡಿಕೊಳ್ಳಬೇಕು. ಶಿವಮೊಗ್ಗ ಸಮೀಪದ ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಒಂದಾಗಿ ತುಂಗಭದ್ರೆಯಾಗುತ್ತಾರೆ. ಅಲ್ಲಿಂದ ಉತ್ತರಕ್ಕೆ ಹರಿಯುವ ನದಿ ಹೊನ್ನಾಳಿಯನ್ನು ದಾಟಿ ಹರಿಹರದತ್ತ ಸಾಗುತ್ತದೆ. ನದಿಯ ಪೂರ್ವಕ್ಕೆ ಚನ್ನಗಿರಿ ಸೀಮೆ; ಸೂಳೆಕೆರೆಯ ವಿಸ್ತಾರವಾದ ನೀರು, ಅಡಿಕೆ ತೋಟಗಳು, ಗುಡ್ಡಗಳ ನಡುವಿನ ಹೊಲಗಳು. ನದಿಯ ಪಶ್ಚಿಮಕ್ಕೆ ನ್ಯಾಮತಿ ಸೀಮೆ. ಅಲ್ಲಿಂದ ಶಿಕಾರಿಪುರ, ಸಾಗರಗಳತ್ತ ಹೋದಂತೆ ನೆಲ ಮಲೆನಾಡಾಗುತ್ತದೆ. ಇನ್ನು ಜಗಳೂರು ಈ ಮೂರರಿಂದಲೂ ದೂರ. ಅದು ಚಿತ್ರದುರ್ಗದ ಮಗ್ಗುಲಿನ ಬಯಲುಸೀಮೆ, ಮಳೆಗಾಗಿ ಮುಗಿಲು ನೋಡುವ ನಾಡು. ಅಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡು ನಾಲ್ಕು ಕೊಂಬಿನ ಕೊಂಡುಕುರಿಯ ನೆಲೆ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ.

ಹೀಗೆ ಒಂದು ಕಡೆ ಅಡಿಕೆ, ಮೆಣಸು, ಭತ್ತದ ಮಲೆನಾಡು. ಇನ್ನೊಂದು ಕಡೆ ಜೋಳ, ರಾಗಿ, ಹತ್ತಿಯ ಬಯಲುನಾಡು. ಘಟ್ಟದ ಕೆಳಗೆ ಉಪ್ಪು ಬೆಳೆಯುವ ಕರಾವಳಿ. ಒಂದು ಸೀಮೆಯಲ್ಲಿ ಬೆಳೆಯುವುದು ಇನ್ನೊಂದರಲ್ಲಿ ಬೆಳೆಯದು. ಒಬ್ಬರಿಗೆ ಹೆಚ್ಚಾದದ್ದು ಇನ್ನೊಬ್ಬರಿಗೆ ಬೇಕೇ ಬೇಕು. ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಇಂಥ ಅಂಚಿನಲ್ಲಿ ಸರಕು ಸಾಗಿಸುವವರಿಗೆ ಸದಾ ಕೆಲಸವಿತ್ತು. ದನಗಳಿಗೆ ಹುಲ್ಲುಗಾವಲು, ಹಳ್ಳದ ನೀರು ಸಿಗುವ ಗುಡ್ಡದ ತಪ್ಪಲುಗಳೂ ಇದ್ದವು. ಎತ್ತುಗಳ ಹಿಂಡಿನೊಡನೆ ಬದುಕುವ ಜನ ಈ ಭಾಗದಲ್ಲಿ ಬೀಡುಬಿಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ.

ಸೂರಗೊಂಡನಕೊಪ್ಪ ಎಂಬ ಹೆಸರನ್ನು ಬಿಡಿಸಿದರೆ 'ಸೂರಗೊಂಡ ಎಂಬವನ ಕೊಪ್ಪ' ಎಂದಾಗುತ್ತದೆ. ಕೊಪ್ಪವೆಂದರೆ ಸಣ್ಣ ಹಳ್ಳಿ. ಹೆಸರು ಅಚ್ಚ ಕನ್ನಡದ್ದು, ಲಂಬಾಣಿ ಭಾಷೆಯದಲ್ಲ. ಬಂಜಾರರು ತಮ್ಮ ಪಾಲಿಗೆ ಅದಕ್ಕೆ ಭಾಯಾಗಡ್ ಎಂಬ ಹೆಸರಿಟ್ಟರು. 'ಸೇವಾಭಾಯಾ' ಎಂದರೆ ಅವರಿಗೆ ಸೇವಾಲಾಲರು. ಕಾಗದದಲ್ಲಿ ಒಂದು ಹೆಸರು, ಭಕ್ತರ ಬಾಯಲ್ಲಿ ಇನ್ನೊಂದು.

ಆಡಳಿತದ ಗಡಿಗಳೂ ಇಲ್ಲಿ ನಿಂತಲ್ಲಿ ನಿಂತಿಲ್ಲ. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಆ ವರ್ಷದ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯವಾದಾಗ ಮೂರೂ ಒಂದೇ ಜಿಲ್ಲೆಗೆ ಸೇರಿದವು. 2018ರಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ಹೊಸ ತಾಲ್ಲೂಕಾಯಿತು. ಸೂರಗೊಂಡನಕೊಪ್ಪದ ಜನ ಮನೆ ಬದಲಿಸದೆಯೇ ಇಪ್ಪತ್ತು ವರ್ಷಗಳ ಅಂತರದಲ್ಲಿ ಜಿಲ್ಲೆಯನ್ನೂ ತಾಲ್ಲೂಕನ್ನೂ ಬದಲಿಸಿದರು. ಅವರ ಹಿರಿಯರು ಮಾತ್ರ ಜಿಲ್ಲೆ, ರಾಜ್ಯ, ಸಂಸ್ಥಾನಗಳ ಗಡಿಗಳನ್ನೆಲ್ಲ ಎತ್ತಿನ ಹೆಜ್ಜೆಯಲ್ಲೇ ದಾಟಿದವರು.

ಉಪ್ಪು, ದವಸ, ಎತ್ತು

ಲಂಬಾಣಿ, ಲಮಾಣಿ, ಬಂಜಾರ, ಸುಗಾಲಿ ಎಂದು ಬೇರೆ ಬೇರೆ ಹೆಸರುಗಳಿಂದ ಕರೆಯಲಾಗುವ ಈ ಜನ ತಮ್ಮನ್ನು ತಾವು 'ಗೋರ್' ಎಂದು ಕರೆದುಕೊಳ್ಳುತ್ತಾರೆ. ಹೊರಗಿನವರು ಅವರಿಗೆ 'ಕೋರ್'. ಲಂಬಾಣಿ ಎಂಬ ಪದವು ಉಪ್ಪಿಗೆ ಸಂಸ್ಕೃತದಲ್ಲಿರುವ 'ಲವಣ' ಶಬ್ದದಿಂದ ಬಂದಿದೆ ಎಂಬುದು ಹೆಚ್ಚು ಪ್ರಚಲಿತವಾದ ವಿವರಣೆ. ಬಂಜಾರ ಎಂಬುದನ್ನು ವಾಣಿಜ್ಯಕ್ಕೆ ಸಂಬಂಧಿಸಿದ ಪದವೆಂದು ಕೆಲವರು, ವನಚರ ಎಂಬುದರ ರೂಪಾಂತರವೆಂದು ಮತ್ತೆ ಕೆಲವರು ಹೇಳುತ್ತಾರೆ. ಅವರ ಮಾತು ಗೋರ್ ಬೋಲಿ. ಇದು ರಾಜಸ್ಥಾನಿ ಭಾಷೆಗಳಿಗೆ ಹತ್ತಿರವಾದ ಇಂಡೋ ಆರ್ಯನ್ ನುಡಿ. ಅದಕ್ಕೆ ಸ್ವಂತ ಲಿಪಿ ಇಲ್ಲ. ಕರ್ನಾಟಕದಲ್ಲಿ ಕನ್ನಡ, ಆಂಧ್ರದಲ್ಲಿ ತೆಲುಗು, ಮಹಾರಾಷ್ಟ್ರದಲ್ಲಿ ದೇವನಾಗರಿ ಲಿಪಿಯಲ್ಲಿ ಅದನ್ನು ಬರೆಯಲಾಗುತ್ತದೆ.

ಇವರ ಕಸುಬಿನ ಪ್ರಮಾಣ ಎಷ್ಟಿತ್ತೆಂಬುದಕ್ಕೆ ವಿದೇಶಿ ಪ್ರವಾಸಿಗರ ಬರಹಗಳೇ ಸಾಕ್ಷಿ. 1632ರಲ್ಲಿ ಉತ್ತರ ಭಾರತದಲ್ಲಿ ಪ್ರಯಾಣಿಸುತ್ತಿದ್ದ ಇಂಗ್ಲಿಷ್ ವರ್ತಕ ಪೀಟರ್ ಮಂಡಿ, ಧಾನ್ಯ ಹೊತ್ತ 14,000 ಎತ್ತುಗಳಿದ್ದ ತಾಂಡಾವನ್ನು ಕಂಡುದಾಗಿ ಬರೆದಿದ್ದಾನೆ. ದಿನಕ್ಕೆ ಅವರು ಸಾಗುತ್ತಿದ್ದುದು ಹೆಚ್ಚೆಂದರೆ ಆರೇಳು ಮೈಲಿ. ಅದೇ ಶತಮಾನದ ಫ್ರೆಂಚ್ ಪ್ರವಾಸಿ ಟ್ಯಾವರ್ನಿಯರ್ ಸಹ ಇಂಥ ತಾಂಡಾಗಳನ್ನು ವರ್ಣಿಸಿದ್ದಾನೆ. ಗೋಧಿ, ಅಕ್ಕಿ, ಬೇಳೆಕಾಳು ಮತ್ತು ಉಪ್ಪು, ಈ ನಾಲ್ಕು ಸರಕುಗಳನ್ನು ನಾಲ್ಕು ಪಂಗಡಗಳು ಪ್ರತ್ಯೇಕವಾಗಿ ಸಾಗಿಸುತ್ತಿದ್ದವೆಂದು ಅವನು ಹೇಳುತ್ತಾನೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಗಾಡಿಗೆ ರಸ್ತೆ ಬೇಕು, ಹೇರೆತ್ತಿಗೆ ರಸ್ತೆ ಬೇಕಿಲ್ಲ. ಗುಡ್ಡ, ಕಾಡು, ಹಳ್ಳ ಎಲ್ಲವನ್ನೂ ಅದು ದಾಟಬಲ್ಲದು. ದಾರಿಯಲ್ಲಿ ಸಿಗುವ ಹುಲ್ಲೇ ಅದರ ಮೇವು. ಆದ್ದರಿಂದ ಸಾಗಣೆಗೆ ಖರ್ಚು ಕಡಿಮೆ. ಆದರೆ ಸಾವಿರಾರು ಎತ್ತುಗಳು ಒಂದೇ ಕಡೆ ಹೆಚ್ಚು ದಿನ ನಿಂತರೆ ಹುಲ್ಲು ಮುಗಿಯುತ್ತದೆ. ಹಾಗಾಗಿ ಚಲಿಸುತ್ತಲೇ ಇರುವುದು ಅವರಿಗೆ ಅನಿವಾರ್ಯ. ಹೆಂಗಸರು, ಮಕ್ಕಳು, ಮುದುಕರು, ನಾಯಿ, ಪಾತ್ರೆಪಗಡ ಎಲ್ಲವೂ ಜೊತೆಯಲ್ಲೇ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಗುಡ್ಡದ ಮಗ್ಗುಲಲ್ಲಿ ಬೀಡು. ಈ ಬದುಕನ್ನು ಅಲೆದಾಟವೆಂದು ಹೊರಗಿನವರು ಕರೆದರೂ ಅದರ ಹಿಂದೆ ಲೆಕ್ಕಾಚಾರವಿತ್ತು, ದಾರಿಯ ತಿಳಿವಳಿಕೆ ಇತ್ತು, ಮಾರುಕಟ್ಟೆಯ ಸಂಬಂಧವಿತ್ತು.

ದಂಡಿನ ಜೊತೆ ತಾಂಡಾ

ಉತ್ತರದಲ್ಲಿದ್ದ ಬಂಜಾರರು ದಕ್ಷಿಣಕ್ಕೆ ಬಂದದ್ದು ಹೇಗೆ? ವ್ಯಾಪಾರದ ದಾರಿಗಳ ಜೊತೆಗೆ ಸೈನ್ಯದ ದಾರಿಗಳೂ ಅವರನ್ನು ಇತ್ತ ಕರೆತಂದವು. ಹದಿನೇಳನೇ ಶತಮಾನದಲ್ಲಿ ಮೊಗಲರು ದಖನ್ನಿನ ಮೇಲೆ ದಂಡೆತ್ತಿ ಬಂದಾಗ ದವಸ ಸಾಗಿಸಲು ಬಂಜಾರರ ಎತ್ತುಗಳೇ ಆಧಾರವಾಗಿದ್ದವು. 1630ರ ಸುಮಾರಿಗೆ ಆಸಫ್ ಖಾನ್ ಬಿಜಾಪುರದ ಮೇಲೆ ಬಂದಾಗ ಭಂಗಿ, ಜಂಗಿ ಎಂಬ ನಾಯಕರು 1,80,000 ಎತ್ತುಗಳೊಡನೆ ಬಂದರೆಂಬ ಐತಿಹ್ಯವೊಂದಿದೆ. ದವಸಕ್ಕೆ ಅಡ್ಡಿಯಾಗದಂತೆ ಅವರಿಗೆ ಬೇಕಾದಲ್ಲಿ ನೀರು, ಮೇವು ಪಡೆಯುವ ಹಕ್ಕನ್ನು ತಾಮ್ರಪಟದಲ್ಲಿ ಬರೆದುಕೊಟ್ಟರೆಂದೂ ಹೇಳುತ್ತಾರೆ. ಐತಿಹ್ಯದ ಸಂಖ್ಯೆಯನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಅದು ಹೇಳುವ ಮೂಲ ಸಂಗತಿ ಸರಿಯಾದದ್ದೇ: ದವಸವಿಲ್ಲದೆ ದಂಡಿಲ್ಲ, ಬಂಜಾರರಿಲ್ಲದೆ ದವಸವಿಲ್ಲ.

ಈ ಕಥೆ ಚನ್ನಗಿರಿ, ಹೊನ್ನಾಳಿ ಸೀಮೆಗೂ ಬಂದು ತಟ್ಟುತ್ತದೆ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದಿದ್ದ ಕಾರ್ನ್‌ವಾಲಿಸ್ ದವಸ ಮುಗಿದು, ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಮರುವರ್ಷ ಅವನು ಮತ್ತೆ ಬಂದದ್ದು ಬಂಜಾರರ ಎತ್ತುಗಳನ್ನು ದೊಡ್ಡ ಸಂಖ್ಯೆಯಲ್ಲಿ ಗೊತ್ತುಮಾಡಿಕೊಂಡ ಬಳಿಕವೇ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಚನ್ನಗಿರಿಯಲ್ಲಿ ಹುಟ್ಟಿದ ಧೊಂಡಿಯ ವಾಘ್ ಈ ಭಾಗದಲ್ಲಿ ಪಡೆ ಕಟ್ಟಿ ಇಂಗ್ಲಿಷರಿಗೆ ಸವಾಲಾದ. ಅವನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ 1800ರ ಜೂನ್‌ನಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿದ. ಆ ವರ್ಷದ ಸೆಪ್ಟೆಂಬರ್ 10ರಂದು ಧೊಂಡಿಯ ಹತನಾದ. ಮುಂದೆ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಈ ಸೇನಾನಿ ಕರ್ನಾಟಕದ ದಾರಿಗಳಲ್ಲಿ ಕಲಿತ ಪಾಠಗಳಲ್ಲಿ ದವಸ ಪೂರೈಕೆಯದು ಮುಖ್ಯವಾದದ್ದು. ಅವನ ದಂಡಿಗೂ ಬಂಜಾರರೇ ಧಾನ್ಯ ಒದಗಿಸುತ್ತಿದ್ದರು.

ಯಾರ ಪರವಾಗಿ ಹೊತ್ತರೆಂಬ ಪ್ರಶ್ನೆಗಿಂತ ಅವರು ಇಲ್ಲದೆ ಯಾರಿಗೂ ನಡೆಯುತ್ತಿರಲಿಲ್ಲವೆಂಬುದೇ ಮುಖ್ಯ. ಆದರೂ ಯುದ್ಧಗಳ ಚರಿತ್ರೆಯಲ್ಲಿ ಸೇನಾನಿಗಳ ಹೆಸರಿದೆ, ಕೋಟೆಗಳ ಹೆಸರಿದೆ. ದವಸ ತಂದವರ ಹೆಸರು ಅಪರೂಪ.

ಸೇವಾಲಾಲರ ನೆನಪು

ಇಂಥ ಕಾಲದಲ್ಲಿ, ಇಂಥ ಸಮುದಾಯದಲ್ಲಿ ಹುಟ್ಟಿದವರು ಸೇವಾಲಾಲರು. ತಂದೆ ಭೀಮಾನಾಯ್ಕ, ತಾಯಿ ಧರ್ಮಿಣಿ. ಆಗ ಈ ಸೀಮೆ ಕೆಳದಿ, ಚಿತ್ರದುರ್ಗ, ಸವಣೂರು ಮುಂತಾದ ಶಕ್ತಿಗಳ ಪ್ರಭಾವಗಳು ಸಂಧಿಸುವ ಜಾಗವಾಗಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ವಶಪಡಿಸಿಕೊಂಡ. ರಾಜ್ಯಗಳು ಅಳಿದು ಉಳಿಯುತ್ತಿದ್ದ ಆ ಕಾಲದಲ್ಲಿ ತಾಂಡಾಗಳಿಗೆ ಒಂದು ಅರಸೊತ್ತಿಗೆಯ ರಕ್ಷಣೆ ಎಂಬುದು ಇರಲಿಲ್ಲ. ತಮ್ಮೊಳಗಿನ ನಾಯಕನೇ ಅವರಿಗೆ ನ್ಯಾಯ ಹೇಳುವವನು, ದಾರಿ ತೋರುವವನು.

ಸೇವಾಲಾಲರ ಬಗ್ಗೆ ತಿಳಿದಿರುವುದು ಬಹುಪಾಲು ಹಾಡು, ಕಥೆಗಳಿಂದ. ಅವರು ದನ ಕಾಯುತ್ತಿದ್ದರು. ಜಗದಂಬೆ ಅವರ ಮುಂದೆ ಪ್ರತ್ಯಕ್ಷಳಾಗಿ ತನ್ನ ಭಕ್ತನಾಗೆಂದು ಕೇಳಿದಳು. ಪ್ರಾಣಿಬಲಿಗೆ ಒಪ್ಪದ ಅವರು ಬಹುಕಾಲ ನಿರಾಕರಿಸಿ, ಕಷ್ಟಗಳನ್ನು ಅನುಭವಿಸಿ, ಕೊನೆಗೆ ದೇವಿಯ ಭಕ್ತರಾದರು. ಬ್ರಹ್ಮಚಾರಿಯಾಗಿಯೇ ಉಳಿದು ತಾಂಡಾದಿಂದ ತಾಂಡಾಕ್ಕೆ ಸಂಚರಿಸಿದರು ಎಂದು ಜನ ಹೇಳುತ್ತಾರೆ. ಅವರ ಕುದುರೆ ತೋಳಾರಾಮ್, ಗೂಳಿ ಗರಸ್ಯಾ ಇವೂ ಭಕ್ತರ ನೆನಪಿನಲ್ಲಿವೆ. ಸುಳ್ಳು ಹೇಳಬಾರದು, ಕದಿಯಬಾರದು, ಕುಡಿಯಬಾರದು, ಬಂದವರಿಗೆ ನೀರು ಅನ್ನ ಇಲ್ಲವೆನ್ನಬಾರದು ಎಂಬ ಅವರ ಬೋಧನೆ ಸರಳವಾದದ್ದು. ಆದರೆ ಪ್ರತಿದಿನ ಅಪರಿಚಿತರ ಸೀಮೆಯಲ್ಲಿ ಬಿಡಾರ ಹೂಡುವ ವ್ಯಾಪಾರಿ ಜನಾಂಗಕ್ಕೆ ಮಾತಿನ ನಂಬಿಕೆಯೇ ಬಂಡವಾಳವೆಂಬುದನ್ನು ನೆನೆದರೆ ಈ ಮಾತುಗಳ ತೂಕ ಗೊತ್ತಾಗುತ್ತದೆ.

ಸೇವಾಲಾಲರ ಸಮಾಧಿ ಇರುವುದು ಮಹಾರಾಷ್ಟ್ರದ ವಾಶಿಮ್ ಜಿಲ್ಲೆಯ ಪೊಹರಾದೇವಿಯಲ್ಲಿ. ಅದು ಬಂಜಾರರ ಕಾಶಿ ಎನಿಸಿದೆ. 2024ರ ಅಕ್ಟೋಬರ್‌ನಲ್ಲಿ ಅಲ್ಲಿ ಬಂಜಾರ ಪರಂಪರೆಯ ವಸ್ತುಸಂಗ್ರಹಾಲಯ ಉದ್ಘಾಟನೆಯಾಯಿತು. ಇನ್ನು ಜನ್ಮಸ್ಥಳದ ವಿಷಯದಲ್ಲಿ ಆಂಧ್ರದ ಬಂಜಾರರು ಅನಂತಪುರ ಜಿಲ್ಲೆಯ ಗುತ್ತಿ ಸಮೀಪದ ಸೇವಾಗಡವನ್ನು ಅದೇ ಭಕ್ತಿಯಿಂದ ಕಾಣುತ್ತಾರೆ. ಇದರಲ್ಲಿ ಯಾವುದು ನಿಜವೆಂದು ತೀರ್ಪು ಕೊಡುವ ಗೋಜಿಗೆ ಹೋಗಬೇಕಿಲ್ಲ. ಸದಾ ಚಲಿಸುತ್ತಿದ್ದ ತಾಂಡಾದಲ್ಲಿ ಹುಟ್ಟಿದ ಮಗುವಿನ ಜನ್ಮಸ್ಥಳವನ್ನು ಪಟ್ಟಿಯಲ್ಲಿ ಬರೆದಿಡುವ ಶಾನುಭೋಗ ಯಾರಿದ್ದ? ಜನ ತಮ್ಮ ನೆನಪಿಗೆ ಒಂದು ನೆಲ ಬೇಕೆಂದು ಬಯಸಿದರು. ಸೂರಗೊಂಡನಕೊಪ್ಪ ಆ ನೆಲವಾಯಿತು.

ಎತ್ತು ಹೋಯಿತು, ತಾಂಡಾ ನಿಂತಿತು

ಈ ಚಲಿಸುವ ಊರು ನಿಂತದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಅದಕ್ಕೆ ಕಾರಣ ಒಂದಲ್ಲ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ಗಾಡಿ ರಸ್ತೆಗಳೂ ಘಟ್ಟದ ದಾರಿಗಳೂ ನಿರ್ಮಾಣವಾದವು. ಒಂದು ಜೋಡಿ ಎತ್ತಿನ ಗಾಡಿ ಹಲವು ಹೇರೆತ್ತುಗಳ ಸರಕನ್ನು ಸಾಗಿಸಬಲ್ಲದು. ಆಮೇಲೆ 1876ರಿಂದ 1878ರವರೆಗಿನ ಭೀಕರ ಕ್ಷಾಮ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿದಿತ್ತು. ಮನುಷ್ಯರಿಗೇ ಕೂಳಿಲ್ಲದಾಗ ದನಗಳ ಗತಿ ಹೇಳಬೇಕಿಲ್ಲ. ಎತ್ತೇ ಆಸ್ತಿಯಾಗಿದ್ದವರಿಗೆ ಎತ್ತು ಸತ್ತರೆ ಉಳಿಯುವುದೇನು?

ಕ್ಷಾಮದ ಬೆನ್ನಿಗೆ ರೈಲು ಬಂತು. 1880ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಿಂದ ಬೀರೂರು, ದಾವಣಗೆರೆ ಮಾರ್ಗವಾಗಿ ಹರಿಹರಕ್ಕೆ ರೈಲು ಓಡತೊಡಗಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೂ ಹಳಿ ಬಂತು. ದಾವಣಗೆರೆ ದೊಡ್ಡ ವ್ಯಾಪಾರ ಕೇಂದ್ರವಾಗಿ ಬೆಳೆಯಿತು. ತಿಂಗಳುಗಟ್ಟಲೆ ನಡೆದು ಸಾಗಿಸುತ್ತಿದ್ದ ಸರಕು ಒಂದೆರಡು ದಿನದಲ್ಲಿ ಸೇರತೊಡಗಿತು. ಹುಲ್ಲು ಮೇಯಿಸುತ್ತಿದ್ದ ಕಾಡುಗಳು ಕಾಯ್ದಿಟ್ಟ ಅರಣ್ಯಗಳಾಗಿ ಪ್ರವೇಶಕ್ಕೆ ಕಟ್ಟುಪಾಡುಗಳು ಬಂದವು.

ಇವೆಲ್ಲದರ ಮೇಲೆ ಕಳಂಕವೊಂದು ಅಂಟಿತು. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಈ ಕಾನೂನು 1911ರ ಹೊಸ ಕಾಯ್ದೆಯ ಮೂಲಕ ದಕ್ಷಿಣಕ್ಕೂ ವಿಸ್ತರಿಸಿತು. ನೆಲೆ ಇಲ್ಲದೆ ತಿರುಗುವುದೇ ಅನುಮಾನಕ್ಕೆ ಕಾರಣವೆಂಬ ಧೋರಣೆ ಅದರ ಹಿಂದಿತ್ತು. ಹಲವು ಪ್ರದೇಶಗಳಲ್ಲಿ ಬಂಜಾರರ ಪಂಗಡಗಳೂ ಈ ಪಟ್ಟಿಗೆ ಸೇರಿದವು. ಸರ್ಕಾರದ ದಂಡಿಗೆ ಅನ್ನ ಹೊತ್ತು ತಂದವರ ಮಕ್ಕಳು ಅದೇ ಸರ್ಕಾರದ ಪೊಲೀಸರ ಮುಂದೆ ಹಾಜರಿ ಹಾಕಬೇಕಾದ ವಿಪರ್ಯಾಸವದು. ಸ್ವಾತಂತ್ರ್ಯಾನಂತರ 1952ರ ಆಗಸ್ಟ್ 31ರಂದು ಈ ಕಾಯ್ದೆ ರದ್ದಾಯಿತು. ಜನರ ಮನಸ್ಸಿನಲ್ಲಿ ಉಳಿದ ಅನುಮಾನ ಅಷ್ಟು ಬೇಗ ರದ್ದಾಗಲಿಲ್ಲ.

ಕಸುಬು ಕಳೆದುಕೊಂಡ ತಾಂಡಾಗಳು ಮಳೆಗಾಲದಲ್ಲಿ ಬೀಡುಬಿಡುತ್ತಿದ್ದ ಜಾಗಗಳಲ್ಲೇ ನಿಂತವು. ಸೌದೆ ಮಾರುವುದು, ಹುಲ್ಲು ಕೊಯ್ಯುವುದು, ದನ ಸಾಕುವುದು, ಕೂಲಿ ಇವು ಜೀವನೋಪಾಯಗಳಾದವು. ಕೆಲವರು ಗುಡ್ಡದಂಚಿನ ಬೀಳುನೆಲವನ್ನು ಹಸನು ಮಾಡಿ ಬೇಸಾಯಕ್ಕೆ ತೊಡಗಿದರು.

ಇಂದಿಗೂ ತಾಂಡಾ ಊರಿನೊಳಗೆ ಇರುವುದಿಲ್ಲ, ಊರಿನಿಂದ ಅಷ್ಟು ದೂರದಲ್ಲಿ ಇರುತ್ತದೆ. ಇದಕ್ಕೆ ಬರೀ ಜಾತಿಯ ಅಂತರವೇ ಕಾರಣವಲ್ಲ. ಸಾವಿರ ಎತ್ತುಗಳನ್ನು ಊರ ಹೊಲಗಳ ನಡುವೆ ಕಟ್ಟಲಾಗದು; ಹಳ್ಳ, ಗುಡ್ಡ, ಹುಲ್ಲು ಇರುವಲ್ಲೇ ಬೀಡು. ಎತ್ತುಗಳು ಮಾಯವಾದ ಮೇಲೂ ತಾಂಡಾ ಅದೇ ಜಾಗದಲ್ಲಿ ಉಳಿಯಿತು. ಭೂಪಟ ನೋಡಿದರೆ ಹಳೆಯ ಸಾಗಣೆಯ ಗುರುತು ತಾಂಡಾಗಳ ನೆಲೆಯಲ್ಲೇ ಉಳಿದಿರುವುದು ಕಾಣುತ್ತದೆ.

ತಾಂಡಾದ ಒಳಗೆ

ಪ್ರತಿ ತಾಂಡಾಕ್ಕೂ ಒಬ್ಬ ನಾಯ್ಕ. ಅವನಿಗೆ ನೆರವಾಗಲು ಕಾರಭಾರಿ, ಡಾವ್ ಮುಂತಾದವರು. ಜಗಳ ತಗಾದೆಗಳು ಮೊದಲು ಬರುವುದು ಅವರ ಪಂಚಾಯಿತಿಗೇ. ತಾಂಡಾದ ನಡುವೆ ಸೇವಾಲಾಲ್ ಮತ್ತು ಮರಿಯಮ್ಮನ ಗುಡಿಗಳು ಅಕ್ಕಪಕ್ಕದಲ್ಲಿರುತ್ತವೆ. ಸೇವಾಲಾಲರದು ಬಿಳಿ ಬಾವುಟ, ಮರಿಯಮ್ಮನದು ಕೆಂಪು. ಹಬ್ಬದ ದಿನ ಬೆಂಕಿಗೆ ತುಪ್ಪ, ಸಿಹಿ ಅರ್ಪಿಸುವ 'ಭೋಗ್' ಸೇವೆ ನಡೆಯುತ್ತದೆ. ದೀಪಾವಳಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು ಮನೆ ಮನೆಗೆ ಹೋಗಿ ಹಾಡಿ ಶುಭ ಕೋರುವ 'ಮೇರಾ' ಪದ್ಧತಿ ಇದೆ. ಹೋಳಿಗೆ ಲೇಂಗಿ ಹಾಡುಗಳು. ಕನ್ನಡಿ ಚೂರು, ಕವಡೆ, ಬಣ್ಣದ ದಾರಗಳಿಂದ ಹೊಲಿದ ಪೇಟಿಯಾ, ಕಾಂಚಳಿಗಳನ್ನು ಈಗ ದಿನನಿತ್ಯ ಉಡುವವರು ಹೆಚ್ಚಾಗಿ ವಯಸ್ಸಾದ ಹೆಂಗಸರು. ಈ ಕಸೂತಿಗೆ ಹೊರಗೆ ಬೆಲೆ ಬಂದಿದೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಒಂದೇ ಭಾಷೆ, ಒಂದೇ ಗುರು, ಒಂದೇ ಬಗೆಯ ಹಬ್ಬಗಳಿದ್ದರೂ ಕಾನೂನಿನ ಕಣ್ಣಿನಲ್ಲಿ ಈ ಜನ ಒಂದಲ್ಲ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ. ಆಂಧ್ರ, ತೆಲಂಗಾಣಗಳಲ್ಲಿ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಸೂರಗೊಂಡನಕೊಪ್ಪದ ಜಾತ್ರೆಯಲ್ಲಿ ಅಕ್ಕಪಕ್ಕ ಕುಳಿತು ಊಟ ಮಾಡುವ ಬೀಗರು ಮೂರು ರಾಜ್ಯಗಳ ಮೂರು ಪಟ್ಟಿಗಳಿಗೆ ಸೇರಿದವರಾಗಿರಬಹುದು. ಇವರ ಹಿರಿಯರು ದಾಟಿದಾಗ ಇರದಿದ್ದ ಗಡಿಗಳು ಮೊಮ್ಮಕ್ಕಳ ಸೌಲಭ್ಯವನ್ನು ನಿರ್ಧರಿಸುತ್ತಿವೆ.

ಊರಿದ್ದೂ ಊರಲ್ಲ

ಅತ್ಯಂತ ದೊಡ್ಡ ಸಮಸ್ಯೆ ಇದ್ದುದು ಕಂದಾಯ ದಾಖಲೆಗಳಲ್ಲಿ. ನಮ್ಮಲ್ಲಿ ಊರು ಎಂದರೆ ಮನೆಗಳ ಗುಂಪು ಮಾತ್ರವಲ್ಲ. ಸರ್ವೆ ನಂಬರುಗಳು, ಗ್ರಾಮಠಾಣಾ, ನಕ್ಷೆ, ಗಡಿಗಳಿರುವ 'ಕಂದಾಯ ಗ್ರಾಮ'. ಸರ್ವೆ ನಡೆದ ಕಾಲದಲ್ಲಿ ತಾಂಡಾಗಳು ಇದ್ದುದು ಗೋಮಾಳದಲ್ಲಿ, ಅರಣ್ಯದಂಚಿನಲ್ಲಿ ಅಥವಾ ಯಾರದೋ ಹಿಡುವಳಿಯಲ್ಲಿ. ಅವಕ್ಕೆ ಪ್ರತ್ಯೇಕ ಗ್ರಾಮದ ಸ್ಥಾನ ಸಿಗಲಿಲ್ಲ. ಪಕ್ಕದ ಮೂಲ ಗ್ರಾಮದ ಉಪಗ್ರಾಮವಾಗಿ, ಎಷ್ಟೋ ಕಡೆ ಅದೂ ಇಲ್ಲದೆ ಉಳಿದವು. ಕಾಲಕ್ರಮದಲ್ಲಿ ನೂರಾರು ಮನೆಗಳಾದರೂ, ಶಾಲೆ ಬಂದರೂ, ಮನೆ ನಿಂತ ನೆಲ ಮನೆಯವರದಾಗಿರಲಿಲ್ಲ. ಹಕ್ಕುಪತ್ರವಿಲ್ಲದ ಮನೆಗೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದಿಲ್ಲ. ಮಾರುವಂತಿಲ್ಲ, ಅಡವಿಡುವಂತಿಲ್ಲ, ಮಕ್ಕಳ ಹೆಸರಿಗೆ ಬರೆಯುವಂತಿಲ್ಲ.

ಕರ್ನಾಟಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ತಾಂಡಾಗಳಿವೆ. ಅವುಗಳ ಅಭಿವೃದ್ಧಿಗೆಂದು 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ದಾಖಲೆಗಳ ಸಮಸ್ಯೆಗೆ ಕಾನೂನಿನ ಪರಿಹಾರ ಬಂದದ್ದು 2017ರಲ್ಲಿ. ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ, ಖಾಸಗಿ ಜಮೀನಿನಲ್ಲಿರುವ ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೆ ಮನೆ ನಿಂತ ನೆಲದ ಒಡೆತನ ನೀಡಲು ಅವಕಾಶವಾಯಿತು. 'ವಾಸಿಸುವವನೇ ಮನೆಯೊಡೆಯ' ಎಂಬ ಮಾತು ಪ್ರಚಾರಕ್ಕೆ ಬಂತು. ತಾಂಡಾ, ಹಟ್ಟಿ, ಹಾಡಿ, ಗೊಲ್ಲರಹಟ್ಟಿಗಳನ್ನು ಕಂದಾಯ ಗ್ರಾಮಗಳಾಗಿ ಘೋಷಿಸುವ ಕಾರ್ಯ ನಡೆಯತೊಡಗಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಸಮ್ಮುಖದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಿಸುವ ಸಮಾರಂಭ ನಡೆಯಿತು. ಐದು ಜಿಲ್ಲೆಗಳ ತಾಂಡಾ ನಿವಾಸಿಗಳು ಅಂದು ಫಲಾನುಭವಿಗಳಾದರು.

ರೈಲು ಬಂದು ತಾಂಡಾ ನಿಂತ ಕಾಲದಿಂದ ಈ ಕಾಗದ ಕೈಸೇರುವವರೆಗೆ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಸಂದಿದೆ. ಅಂದರೆ ಅವರು ನಡೆಯುವುದನ್ನು ನಿಲ್ಲಿಸಿದ ಮೇಲೂ ನಾಲ್ಕೈದು ತಲೆಮಾರುಗಳು ಲೆಕ್ಕದಲ್ಲಿ ಅಲೆಮಾರಿಗಳಾಗಿಯೇ ಉಳಿದರು.

ಮುಗಿಯದ ನಡಿಗೆ

ಕಾಗದ ಬಂದ ಮಾತ್ರಕ್ಕೆ ನಡಿಗೆ ನಿಂತಿಲ್ಲ. ಸುಗ್ಗಿ ಮುಗಿದ ಮೇಲೆ ತಾಂಡಾಗಳ ಅನೇಕ ಮನೆಗಳಿಗೆ ಬೀಗ ಬೀಳುತ್ತದೆ. ಕಾಫಿ ಹಣ್ಣು ಕೊಯ್ಯಲು ಚಿಕ್ಕಮಗಳೂರಿನ ತೋಟಗಳಿಗೆ, ಕಬ್ಬು ಕಡಿಯಲು ದೂರದ ಜಿಲ್ಲೆಗಳಿಗೆ, ಕಟ್ಟಡ ಕೆಲಸಕ್ಕೆ ಬೆಂಗಳೂರು, ಗೋವಾಗಳಿಗೆ ಜನ ಹೋಗುತ್ತಾರೆ. ಜಗಳೂರಿನಂಥ ಬರದ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಇದು ಇನ್ನೂ ಹೆಚ್ಚು. ಮುದುಕರು ಮನೆ ಕಾಯುತ್ತಾರೆ. ಮಕ್ಕಳು ಅಜ್ಜಿಯ ಬಳಿ ಉಳಿದರೆ ಶಾಲೆಯುಂಟು. ತಂದೆ ತಾಯಿಯ ಜೊತೆ ಹೋದರೆ ಹಾಜರಿ ಪುಸ್ತಕದಲ್ಲಿ ಗೈರು. ಹಿಂದೆ ಹೊರಟಾಗ ಇಡೀ ತಾಂಡಾ ಒಟ್ಟಿಗೆ ಹೊರಡುತ್ತಿತ್ತು. ನಾಯ್ಕನಿದ್ದ, ಎತ್ತುಗಳಿದ್ದವು, ಸರಕಿನ ಲಾಭವಿತ್ತು. ಈಗ ಹೊರಡುವುದು ಒಂದೊಂದೇ ಕುಟುಂಬ, ಮೇಸ್ತ್ರಿಯಿಂದ ಮುಂಗಡ ಪಡೆದು. ಹಿಂದಿನ ಸಂಚಾರಕ್ಕೂ ಇಂದಿನ ಗುಳೆಗೂ ಇರುವ ವ್ಯತ್ಯಾಸವೆಂದರೆ ಇದೇ.

ಇದರ ಇನ್ನೊಂದು ಮುಖವನ್ನೂ ಕಾಣಬೇಕು. ಓದಿ ಶಿಕ್ಷಕರಾದವರು, ಅಧಿಕಾರಿಗಳಾದವರು, ಶಾಸಕರು ಮಂತ್ರಿಗಳಾದವರು ತಾಂಡಾಗಳಿಂದ ಬಂದಿದ್ದಾರೆ. ಸೇವಾಲಾಲ್ ಜಯಂತಿಯನ್ನು ಈಗ ಸರ್ಕಾರವೂ ಆಚರಿಸುತ್ತದೆ. ಪಟ್ಟಣದಲ್ಲಿ ಬೆಳೆದ ಮಕ್ಕಳಿಗೆ ಗೋರ್ ಬೋಲಿ ಮರೆಯುತ್ತಿದ್ದರೂ ಫೆಬ್ರುವರಿಯಲ್ಲಿ ಭಾಯಾಗಡಕ್ಕೆ ಹೋಗುವ ರೂಢಿ ತಪ್ಪಿಲ್ಲ.

ಊರಿಗೊಂದು ಚರಿತ್ರೆ ಬೇಕೆಂದು ಶಾಸನಗಳನ್ನು ಹುಡುಕುವವರುಂಟು. ಸೂರಗೊಂಡನಕೊಪ್ಪದಲ್ಲಿ ಅದು ಉಲ್ಟಾ. ಇಲ್ಲಿ ಚರಿತ್ರೆಯೊಂದು ತನಗೆ ಊರು ಬೇಕೆಂದು ಹುಡುಕಿಕೊಂಡು ಬಂತು. ಮೂರು ದಿನಗಳ ಜಾತ್ರೆಯಲ್ಲಿ ಈ ಸಣ್ಣ ಹಳ್ಳಿ ಎತ್ತುಗಳಿಲ್ಲದ ದೊಡ್ಡದೊಂದು ತಾಂಡಾ ಆಗುತ್ತದೆ. ಬಯಲಿನಲ್ಲಿ ಬಿಡಾರಗಳು, ಮೂರು ಕಲ್ಲಿನ ಒಲೆಗಳು, 'ರಾಮ್ ರಾಮ್' ಎಂದು ನಮಸ್ಕರಿಸುವ ಸಂಬಂಧಿಕರು. ನಾಲ್ಕನೇ ದಿನ ಬಯಲು ಖಾಲಿ. ಬಂದವರು ತಂತಮ್ಮ ತಾಂಡಾಗಳಿಗೆ, ಕಾಫಿ ತೋಟಗಳಿಗೆ, ಕಬ್ಬಿನ ಗದ್ದೆಗಳಿಗೆ ಮರಳುತ್ತಾರೆ. ಅವರು ಹಿಂದಿರುಗುವ ತಾಂಡಾಗಳಿಗೂ ಒಂದೊಂದು ನಕ್ಷೆ, ಒಂದೊಂದು ಸರ್ವೆ ನಂಬರು, ವರ್ಷವಿಡೀ ಅಲ್ಲೇ ಉಳಿಯಲು ಸಾಕಾಗುವಷ್ಟು ದುಡಿಮೆ ದೊರೆತ ದಿನ ಸೇವಾಲಾಲರ ಜನರ ನಡಿಗೆ ನಿಜವಾಗಿ ಮುಗಿದೀತು.